ನೋಟದ ಹರವು ಮತ್ತು ವರ್ಚುವಲ್ ರಿಯಾಲಿಟಿ

(ಅಧ್ಯಾಪಕರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಯಂತ್ರದ ನೆರವಿನಿಂದ ಮನುಷ್ಯನ ನೋಟದ ಹರವನ್ನು ಹಿಗ್ಗಿಸಲು ಸಾಧ್ಯವೇ? ಇದು ನಾನು ಇಂದು ಮಾತಾಡಬೇಕಾದ ವಿಷಯ. ವಿಷಯದ ಹೆಸರು ಕೇಳಿ ಇದು ಕಂಪ್ಯೂಟರ್ ಓದುವ ಹುಡುಗರಿಗೆ ಮಾತ್ರ ಸಂಬಂಧಿಸಿದ್ದು ಎಂದು ಹಿಂದಿನ ಸಾಲಿನಲ್ಲಿರುವ ಹಿರಿಯರು ಎದ್ದು ಹೋಗಬಾರದು. ಮಾತು ಮುಗಿಯುವ ಹೊತ್ತಿಗೆ ಅದು ನಿಮ್ಮ ಮನೆಯ ಅಜ್ಜಿಯ ಬಳಿಗೂ, ನಿಮ್ಮ ತರಗತಿಯಲ್ಲಿ ಪದೇ ಪದೇ ಬೆಂಚಿಗೆ ಎಡವುವ ಆ ಒಬ್ಬ ಹುಡುಗನ ಬಳಿಗೂ ಬರುತ್ತದೆ.

ಮೊದಲು ಒಂದು ಸಣ್ಣ ಪ್ರಯೋಗ. ಇದನ್ನು ಮುಂದೆ ಅಚ್ಚಿನಲ್ಲಿ ಓದುವವರು ಪುಸ್ತಕ ಕೆಳಗಿಟ್ಟು ಮಾಡಿ ನೋಡಬಹುದು. ಎದುರಿನ ಗೋಡೆಯ ಒಂದು ಬಿಂದುವನ್ನು ದಿಟ್ಟಿಸಿ ನೋಡಿ. ಕಣ್ಣು ಕದಲಿಸಬೇಡಿ. ಎರಡೂ ಕೈಗಳನ್ನು ಪಕ್ಕಕ್ಕೆ ಅಗಲವಾಗಿ ಚಾಚಿ ಬೆರಳುಗಳನ್ನು ಆಡಿಸಿ. ಏನೋ ಅಲುಗಾಡುತ್ತಿದೆ ಎಂಬುದು ಎರಡೂ ಬದಿಯಲ್ಲಿ ಗೊತ್ತಾಗುತ್ತದೆ. ಆದರೆ ಎಷ್ಟು ಬೆರಳು ಎಂದು ಎಣಿಸಲು ಹೋದರೆ ಆಗುವುದಿಲ್ಲ. ಈಗ ಒಂದು ಕೈಯನ್ನು ಮುಂದಕ್ಕೆ ನೀಡಿ ಹೆಬ್ಬೆರಳಿನ ಉಗುರನ್ನು ನೋಡಿ. ನಿಮ್ಮ ಕಣ್ಣು ಅಕ್ಷರ ಓದುವಷ್ಟು ಸ್ಪಷ್ಟವಾಗಿ ಕಾಣುವುದು ಹೆಚ್ಚು ಕಡಿಮೆ ಆ ಉಗುರಿನ ಅಗಲದಷ್ಟು ಜಾಗವನ್ನು ಮಾತ್ರ. ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಕಣ್ಣು ಕ್ಷಣಕ್ಷಣಕ್ಕೂ ಅತ್ತಿತ್ತ ಹಾರುತ್ತಾ, ಮೆದುಳು ಆ ತುಣುಕುಗಳನ್ನು ಹೊಲಿಯುತ್ತಾ ಇರುವುದರಿಂದ ನಮಗೆ ಎಲ್ಲವೂ ಒಟ್ಟಿಗೆ ಸ್ಪಷ್ಟವಾಗಿ ಕಂಡಂತೆ ಅನಿಸುತ್ತದೆ.

ಎರಡೂ ಕಣ್ಣು ಸೇರಿದರೆ ಅಡ್ಡಲಾಗಿ ಸುಮಾರು 200 ಡಿಗ್ರಿಯಷ್ಟು ಕಾಣುತ್ತದೆ. ಅದರಲ್ಲಿ ನಡುವಿನ ಸುಮಾರು 120 ಡಿಗ್ರಿಯನ್ನು ಎರಡು ಕಣ್ಣುಗಳೂ ಹಂಚಿಕೊಳ್ಳುತ್ತವೆ. ಹಾಗೆ ಹಂಚಿಕೊಳ್ಳುವುದು ದೂರ ಮತ್ತು ಆಳವನ್ನು ಅಂದಾಜು ಮಾಡಲು ನಮಗೆ ಬಹಳ ಮುಖ್ಯ. ನೋಟದ ನಡುವಿನ ರೇಖೆಯಲ್ಲಿ ಸ್ಪಷ್ಟತೆ ಹೆಚ್ಚು, ಅಂಚಿಗೆ ಹೋದಂತೆ ಅದು ಕ್ಷೀಣಿಸುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನುಲ್ ಹೈಸಮ್ ತಮ್ಮ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ಚರ್ಚಿಸಿದ್ದಾರೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಹಲವು ಗ್ರೀಕ್ ವಿದ್ವಾಂಸರು ನಂಬಿದ್ದಾಗ, ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಸೇರುವುದರಿಂದ ನೋಟ ಉಂಟಾಗುತ್ತದೆ ಎಂದು ಅವರು ಪ್ರಯೋಗಗಳ ಆಧಾರದಿಂದ ವಾದಿಸಿದರು. ಇಂದು ತಲೆಗೆ ಕಟ್ಟಿಕೊಳ್ಳುವ ಪರದೆಗಳೆಲ್ಲ ನಿಂತಿರುವುದು ಇದೇ ತತ್ವದ ಮೇಲೆ. ಕಣ್ಣಿಗೆ ಬರುವ ಬೆಳಕನ್ನು ಬದಲಿಸಿದರೆ ಕಾಣುವ ಜಗತ್ತೇ ಬದಲಾಗುತ್ತದೆ.

ನಮಗಿಂತ ಹೆಚ್ಚು ಹರವು ಇರುವ ಪ್ರಾಣಿಗಳಿವೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಅದಕ್ಕೆ ಸುಮಾರು 350 ಡಿಗ್ರಿ ಕಾಣುತ್ತದೆ. ಹಿಂದಿನಿಂದ ಬರುವ ಲಾರಿಯನ್ನು ಕಂಡು ಬೆದರದಿರಲಿ ಎಂದೇ ಜಟಕಾ ಕುದುರೆಯ ಕಣ್ಣಿನ ಪಕ್ಕಕ್ಕೆ ಚರ್ಮದ ಪಟ್ಟಿ ಕಟ್ಟುತ್ತಿದ್ದರು. ಮೊಲಕ್ಕೆ ಹೆಚ್ಚು ಕಡಿಮೆ ಸುತ್ತಲೂ ಕಾಣುತ್ತದೆ. ಆದರೆ ಈ ಸೌಲಭ್ಯಕ್ಕೆ ಬೆಲೆ ತೆರಬೇಕು. ಕುದುರೆಯ ಎರಡು ಕಣ್ಣುಗಳೂ ಒಟ್ಟಿಗೆ ನೋಡುವ ಭಾಗ ಸುಮಾರು 65 ಡಿಗ್ರಿ ಮಾತ್ರ, ಮೊಲದಲ್ಲಿ ಅದಕ್ಕಿಂತಲೂ ಕಡಿಮೆ. ಬೇಟೆಗೆ ಸಿಗುವ ಪ್ರಾಣಿಗೆ ಸುತ್ತಲಿನ ಎಚ್ಚರ ಬೇಕು. ಸೂಜಿಗೆ ದಾರ ಪೋಣಿಸುವ ಮನುಷ್ಯನಿಗೆ ಎದುರಿನ ಆಳ ಬೇಕು.

ಈ ಬೆಲೆಯ ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಬಸ್ಸಿನ ಪಕ್ಕದಲ್ಲಿ ಸಿಕ್ಕಿಸಿರುವ ಉಬ್ಬುಕನ್ನಡಿಯನ್ನು ನೋಡಿದರೆ ಸಾಕು. ಹತ್ತನೆಯ ತರಗತಿಯಲ್ಲಿ ಪೀನ ದರ್ಪಣ ಎಂದು ಓದಿದ್ದು ಇದನ್ನೇ. ಚಪ್ಪಟೆ ಕನ್ನಡಿಯಲ್ಲಿ ಕಾಣದ ಸ್ಕೂಟರು ಇದರಲ್ಲಿ ಕಾಣುತ್ತದೆ. ಆದರೆ ಅದು ಇರುವುದಕ್ಕಿಂತ ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿ ಇರುವಂತೆ ಕಾಣುತ್ತದೆ. ಕನ್ನಡಿಯ ಅಳತೆ ಅಷ್ಟೇ ಇರುವಾಗ ಅದರೊಳಗೆ ಹೆಚ್ಚು ಜಗತ್ತನ್ನು ತುಂಬಬೇಕೆಂದರೆ ಜಗತ್ತನ್ನು ಕುಗ್ಗಿಸಲೇಬೇಕು. ಅನುಭವಿ ಚಾಲಕ ಆ ಕುಗ್ಗುವಿಕೆಯನ್ನು ಮನಸ್ಸಿನಲ್ಲಿ ಸರಿಪಡಿಸಿಕೊಂಡು ಓಡಿಸುತ್ತಾನೆ, ಕಲಿಯುವವನು ಮೋಸ ಹೋಗುತ್ತಾನೆ. ಈ ಕನ್ನಡಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಹೇಳುವ ಎಲ್ಲ ಯಂತ್ರಗಳೂ ಒಂದಲ್ಲ ಒಂದು ರೀತಿಯಲ್ಲಿ ಇದರ ಸಂಬಂಧಿಗಳೇ.

ಈಗ ವರ್ಚುವಲ್ ರಿಯಾಲಿಟಿಗೆ ಬರೋಣ. ಕನ್ನಡದಲ್ಲಿ ಕೆಲವರು ಮಿಥ್ಯಾವಾಸ್ತವ ಎನ್ನುತ್ತಾರೆ. ಹುಡುಗರು ವಿಆರ್ ಎನ್ನುತ್ತಾರೆ, ನಾನೂ ಹಾಗೇ ಹೇಳುತ್ತೇನೆ. ತಲೆಗೆ ಒಂದು ಹೆಡ್‌ಸೆಟ್ ಕಟ್ಟಿಕೊಳ್ಳುತ್ತೀರಿ. ಪ್ರತಿ ಕಣ್ಣಿನ ಮುಂದೆ ಒಂದು ಮಸೂರ, ಅದರಾಚೆ ಒಂದು ಪರದೆ. ತಲೆ ತಿರುಗಿಸಿದಂತೆ ಪರದೆಯ ಚಿತ್ರವೂ ತಿರುಗುವುದರಿಂದ ನೀವು ಆ ಜಾಗದೊಳಗೇ ಇದ್ದೀರಿ ಎಂದು ಮೆದುಳು ಒಪ್ಪಿಕೊಳ್ಳುತ್ತದೆ. 1968ರಲ್ಲಿ ಅಮೆರಿಕದಲ್ಲಿ ಐವಾನ್ ಸದರ್ಲ್ಯಾಂಡ್ ಈ ಬಗೆಯ ಮೊದಲ ಉಪಕರಣಗಳಲ್ಲಿ ಒಂದನ್ನು ತೋರಿಸಿದರು. ಅದನ್ನು ಚಾವಣಿಗೆ ಜೋಡಿಸಿದ್ದರು, ಅದರಲ್ಲಿ ಕಾಣುತ್ತಿದ್ದುದು ಬರೀ ಗೆರೆಗಳಿಂದ ಮಾಡಿದ ಆಕೃತಿಗಳು, ನೋಟದ ಹರವು ಸುಮಾರು 40 ಡಿಗ್ರಿ. ಸುಮಾರು ಅರ್ಧ ಶತಮಾನದ ನಂತರ, 2016ರಲ್ಲಿ, ಆಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ಎಂಬ ಹೆಡ್‌ಸೆಟ್‌ಗಳು ಮಾರುಕಟ್ಟೆಗೆ ಬಂದವು. ಹರವು ಸುಮಾರು 100 ಡಿಗ್ರಿಗೆ ಏರಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಜಾಹೀರಾತಿನಲ್ಲಿ ಈ ಯಂತ್ರಗಳು ಹೊಸ ಲೋಕವನ್ನೇ ತೆರೆಯುತ್ತವೆ. ಆದರೆ ಹಾಕಿಕೊಂಡವನ ನೋಟ 200 ಡಿಗ್ರಿಯಿಂದ ಅರ್ಧಕ್ಕೆ ಇಳಿದಿರುತ್ತದೆ. ಕೊಳವೆಯೊಳಗಿಂದ ಇಣುಕಿದಂತೆ ಸುತ್ತ ಕಪ್ಪು ಅಂಚು ಇರುತ್ತದೆ. ಹಾಗಾದರೆ ಅಗಲ ಮಾಡಬಹುದಲ್ಲ ಎಂದು ಕೇಳುತ್ತೀರಿ. ಲೆಕ್ಕ ಹಾಕಿ ನೋಡಿ. ಆ 2016ರ ಹೆಡ್‌ಸೆಟ್‌ಗಳಲ್ಲಿ ಪ್ರತಿ ಕಣ್ಣಿಗೆ ಅಡ್ಡಲಾಗಿ 1080 ಚುಕ್ಕಿಗಳಿದ್ದವು. ಅವನ್ನು 100 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ ಸುಮಾರು 11 ಚುಕ್ಕಿ. ಆರೋಗ್ಯವಂತ ಕಣ್ಣಿಗೆ ಬೇಕಾದದ್ದು ಡಿಗ್ರಿಗೆ ಸುಮಾರು 60. ಅಂದರೆ 6/6 ಓದುವ ಯುವಕ ಅದನ್ನು ಹಾಕಿಕೊಂಡ ಕೂಡಲೇ ಹೆಚ್ಚು ಕಡಿಮೆ 6/36 ಸಾಲಿಗೆ ಇಳಿಯುತ್ತಾನೆ. (ಆಸ್ಪತ್ರೆಯ ಲೆಕ್ಕದಲ್ಲಿ ಅದು ಮಂದದೃಷ್ಟಿ. ದುಡ್ಡು ಕೊಟ್ಟು ತರುವ ಮಂದದೃಷ್ಟಿ ಎನ್ನೋಣ.) ಅದೇ ಚುಕ್ಕಿಗಳನ್ನು 200 ಡಿಗ್ರಿಗೆ ಎಳೆದರೆ ಸ್ಪಷ್ಟತೆ ಮತ್ತೆ ಅರ್ಧವಾಗುತ್ತದೆ. 2018ರಲ್ಲಿ ಸ್ಟಾರ್‌ವಿಆರ್ ಒನ್ ಎಂಬ ಉಪಕರಣ 210 ಡಿಗ್ರಿ ಹರವನ್ನು ಸಾರಿಕೊಂಡು ಬಂತು. 2024ರಲ್ಲಿ ಬಂದ ಆಪಲ್ ವಿಷನ್ ಪ್ರೋ ಎರಡೂ ಪರದೆ ಸೇರಿ 2 ಕೋಟಿ 30 ಲಕ್ಷ ಚುಕ್ಕಿಗಳನ್ನು ತುಂಬಿಕೊಂಡು ಸ್ಪಷ್ಟತೆಯ ಕಡೆ ವಾಲಿತು, ಹರವು 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯಿತು. ಉಬ್ಬುಕನ್ನಡಿಯ ಲೆಕ್ಕ ಇಲ್ಲಿಯೂ ತಪ್ಪಲಿಲ್ಲ.

ಇನ್ನೊಂದು ತೊಡಕೂ ಇದೆ. ನಮ್ಮ ನೋಟದ ಅಂಚು ವಿವರ ಕಾಣುವುದರಲ್ಲಿ ಹಿಂದೆ, ಚಲನೆ ಗ್ರಹಿಸುವುದರಲ್ಲಿ ಮುಂದೆ. ಹೆಡ್‌ಸೆಟ್ಟಿನೊಳಗೆ ಅಂಚಿನಲ್ಲಿ ದೃಶ್ಯ ಓಡುತ್ತಿದ್ದು ದೇಹ ಮಾತ್ರ ಕುರ್ಚಿಯ ಮೇಲೆ ಕುಳಿತಿದ್ದರೆ ಕಣ್ಣಿಗೂ ಕಿವಿಯೊಳಗಿನ ಸಮತೋಲನದ ಅಂಗಕ್ಕೂ ಜಗಳ ಶುರುವಾಗುತ್ತದೆ. ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಆಗುವಂತೆ ಹೊಟ್ಟೆ ತೊಳಸುತ್ತದೆ. ಇದಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ ಉಪಾಯವೆಂದರೆ, ಚಲಿಸುವಾಗ ನೋಟದ ಹರವನ್ನು ಮೆಲ್ಲನೆ ಇನ್ನಷ್ಟು ಕಿರಿದು ಮಾಡುವುದು! ಜಟಕಾ ಕುದುರೆಯ ಚರ್ಮದ ಪಟ್ಟಿ ಮನುಷ್ಯನಿಗೂ ಬಂತು.

ಹಾಗಿದ್ದರೂ ಹರವನ್ನು ನಿಜವಾಗಿಯೇ ಹಿಗ್ಗಿಸಿ ನೋಡಿದವರಿದ್ದಾರೆ. ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯವರು ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ 'ಫ್ಲೈವಿಜ್' ಎಂಬ ಹೆಲ್ಮೆಟ್ ಮಾಡಿದರು. ನೆತ್ತಿಯ ಮೇಲೆ ಸುತ್ತಲೂ ಚಿತ್ರ ಹಿಡಿಯುವ ಒಂದು ಕ್ಯಾಮರಾ, ಕಣ್ಣ ಮುಂದೆ ಒಂದು ಪರದೆ. ಕ್ಯಾಮರಾ ಹಿಡಿದ ಪೂರ್ತಿ 360 ಡಿಗ್ರಿಯ ದೃಶ್ಯವನ್ನು ಕೇವಲ ಸುಮಾರು 45 ಡಿಗ್ರಿ ಅಗಲದ ಪರದೆಗೆ ಹಿಂಡಿ ತೋರಿಸಿದರು. ಎಂಟು ಪಾಲನ್ನು ಒಂದು ಪಾಲಿಗೆ ತುಂಬಿದಂತೆ. ಹಾಕಿಕೊಂಡವರ ಬೆನ್ನ ಹಿಂದೆ ಯಾರಾದರೂ ವಸ್ತುವನ್ನು ಹಿಡಿದರೆ ತಲೆ ತಿರುಗಿಸದೆ ಅದನ್ನು ತೆಗೆದುಕೊಳ್ಳಬಹುದಾಗಿತ್ತು. ಇದಕ್ಕೆ ಹೊಂದಿಕೊಳ್ಳಲು ಅವರಿಗೆ ಬೇಕಾದದ್ದು ಸುಮಾರು 15 ನಿಮಿಷ.

ಹದಿನೈದು ನಿಮಿಷ ಎಂಬುದನ್ನು ಕೇಳಿ ಆಶ್ಚರ್ಯವಾಗಬಹುದು. ಆದರೆ ಮೆದುಳಿನ ಈ ಗುಣ ಹೊಸದಾಗಿ ತಿಳಿದದ್ದಲ್ಲ. 1896 ಮತ್ತು 1897ರಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಸ್ಟ್ರಾಟನ್ ಎಂಬ ಮನಃಶಾಸ್ತ್ರಜ್ಞ ಜಗತ್ತನ್ನು ತಲೆಕೆಳಗಾಗಿ ತೋರಿಸುವ ಮಸೂರವನ್ನು ದಿನಗಟ್ಟಲೆ ಕಟ್ಟಿಕೊಂಡು ಓಡಾಡಿದರು. ಮೊದಲು ಎಲ್ಲವೂ ಗೊಂದಲ, ಕೈ ಮೇಲೆ ಹೋಗಬೇಕಾದಲ್ಲಿ ಕೆಳಗೆ ಹೋಗುತ್ತಿತ್ತು. ದಿನ ಕಳೆದಂತೆ ನಡೆದಾಟ ಸಲೀಸಾಯಿತು. ಕಣ್ಣು ಕಳುಹಿಸುವ ಸುದ್ದಿಯ ಭಾಷೆ ಬದಲಾದರೂ ಮೆದುಳು ಅದನ್ನು ಕಲಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಆರೋಗ್ಯವಂತ ಕಣ್ಣಿನವರಿಗೆ ಇಂತಹ ಹೆಲ್ಮೆಟ್ಟಿನಿಂದ ದಿನನಿತ್ಯ ಆಗುವ ಲಾಭ ಕಡಿಮೆ. ಒಂದೇ ಕ್ಯಾಮರಾ ಆದ್ದರಿಂದ ಎರಡು ಕಣ್ಣಿನ ಆಳದ ಅರಿವು ಹೋಗುತ್ತದೆ, ವಿವರ ಹೋಗುತ್ತದೆ, ಹಿಂದೆ ನೋಡಲು ನಮಗೆ ಕುತ್ತಿಗೆ ಇದ್ದೇ ಇದೆ. ಭದ್ರತೆಯ ಕೆಲಸ, ಅಗ್ನಿಶಾಮಕ ದಳ, ಇವುಗಳಿಗೆ ಉಪಯೋಗವಾಗಬಹುದೆಂಬ ಮಾತಿದೆ. ಅದು ಅವರವರಿಗೆ ಬಿಟ್ಟದ್ದು. ಹರವು ಹಿಗ್ಗಿಸುವ ವಿದ್ಯೆ ನಿಜವಾಗಿ ಬೇಕಾಗಿರುವುದು ಯಾರ ಹರವು ಕುಗ್ಗಿದೆಯೋ ಅವರಿಗೆ. ಅಂಥವರು ನಾವು ತಿಳಿದುಕೊಂಡಿರುವುದಕ್ಕಿಂತ ಬಹಳ ಹೆಚ್ಚು ಇದ್ದಾರೆ.

ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ವಂಶವಾಹಿ ಕಾಯಿಲೆ ಇದೆ. ಸಾಮಾನ್ಯವಾಗಿ ಇರುಳುಗುರುಡಿನಿಂದ ಆರಂಭವಾಗುತ್ತದೆ. ಮುಸ್ಸಂಜೆಯಲ್ಲಿ ಹುಡುಗ ಅಂಗಳದಲ್ಲಿ ತಡವರಿಸುತ್ತಾನೆ. ನಂತರ ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬಂದು ಕೊನೆಗೆ ಕೊಳವೆಯಷ್ಟು ಉಳಿಯುತ್ತದೆ. ಜಗತ್ತಿನಲ್ಲಿ ಸುಮಾರು 4000 ಮಂದಿಯಲ್ಲಿ ಒಬ್ಬರಿಗೆ ಇದೆ ಎಂಬ ಅಂದಾಜಿದೆ. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಸಿಕ್ಕಿದ ಪ್ರಮಾಣ ಅದಕ್ಕಿಂತ ಹೆಚ್ಚು. ಇದರ ಒಂದು ಬಗೆಯಲ್ಲಿ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚುತ್ತದೆ. ಸೋದರಮಾವನ ಮಗಳು, ಚಿಕ್ಕಪ್ಪನ ಮಗ, ಅಕ್ಕನ ಮಗಳು ಎಂದು ಹಿಂದೂ ಮುಸ್ಲಿಂ ಎನ್ನದೆ ನಮ್ಮ ದಕ್ಷಿಣದ ಅನೇಕ ಕುಟುಂಬಗಳಲ್ಲಿ ಈ ಪದ್ಧತಿಗಳು ನಡೆದುಬಂದಿವೆ. ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಆದರೆ ಮನೆತನದಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದಾಗ, ಅದೇ ಮನೆತನದೊಳಗೆ ಇನ್ನೊಂದು ಸಂಬಂಧ ಮಾತಾಡುವ ಮುನ್ನ ವೈದ್ಯರ ಜೊತೆ ಮಾತಾಡಬೇಕು. ಇದರ ಒಂದೇ ಒಂದು ಜೀನ್‌ಗೆ, ಆರ್‌ಪಿಇ65 ಎಂಬುದಕ್ಕೆ, 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅದು ಕಾಯಿಲೆ ಇರುವವರಲ್ಲಿ ಕೆಲವೇ ಕೆಲವರಿಗೆ ಅನ್ವಯಿಸುವಂಥದ್ದು.

ಎರಡನೆಯದು ಗ್ಲಾಕೋಮಾ. ಇದು ಹೆಚ್ಚಾಗಿ ನಲವತ್ತು ದಾಟಿದವರ ಕಾಯಿಲೆ. ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ, ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ. ಅಂಚು ಮಾತ್ರ ಸದ್ದಿಲ್ಲದೆ ಹೋಗುತ್ತಿರುತ್ತದೆ. ಹೋದ ಜಾಗ ಕಪ್ಪಾಗಿ ಕಾಣುವುದಿಲ್ಲ. ಮೆದುಳು ಅಕ್ಕಪಕ್ಕದ್ದನ್ನು ಎಳೆದು ಅಲ್ಲಿ ತುಂಬಿಬಿಡುತ್ತದೆ. ಹಾಗಾಗಿ ರೋಗಿಗೆ ತಿಳಿಯುವುದೇ ಇಲ್ಲ. ತಮಿಳುನಾಡಿನ ಗ್ರಾಮೀಣ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ಕಾಯಿಲೆ ಇರುವ ವಿಷಯವೇ ಗೊತ್ತಿರಲಿಲ್ಲ. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಕಾಪಾಡಿಕೊಳ್ಳಬಹುದು. ತಂದೆಗೋ ಅಣ್ಣನಿಗೋ ಇದ್ದರೆ ನಿಮಗೆ ಅಪಾಯ ಹೆಚ್ಚು. ಕಣ್ಣು ತುರಿಸುತ್ತದೆ ಎಂದು ಅಂಗಡಿಯಿಂದ ಸ್ಟೀರಾಯ್ಡ್ ಇರುವ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವುದರಿಂದಲೂ ಇದು ಬರಬಹುದು, ಮಕ್ಕಳಿಗೂ ಬರಬಹುದು.

ಇವರ ಕುಗ್ಗಿದ ನೋಟವನ್ನು ಹಿಗ್ಗಿಸುವುದು ಹೇಗೆ? ಉಬ್ಬುಕನ್ನಡಿಯಂತೆ ಜಗತ್ತನ್ನು ಚಿಕ್ಕದು ಮಾಡಿ ಉಳಿದ ಕೊಳವೆಯೊಳಗೆ ತುಂಬಬಹುದು. ದುರ್ಬೀನನ್ನು ತಿರುಗುಮುರುಗಾಗಿ ಹಿಡಿದಂತೆ. ಆದರೆ ಆಗ ಮುಖಗಳು ಗುರುತು ಸಿಗುವುದಿಲ್ಲ, ಮೆಟ್ಟಿಲಿನ ಅಂದಾಜು ತಪ್ಪುತ್ತದೆ. ಬಾಸ್ಟನ್ನಿನ ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯ ಎಲಿ ಪೆಲಿ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲಿ ಇದಕ್ಕೊಂದು ಜಾಣ ದಾರಿ ಹುಡುಕಿದರು. ಕನ್ನಡಕಕ್ಕೆ ಸಣ್ಣ ಕ್ಯಾಮರಾ. ಅದು ಅಗಲವಾದ ದೃಶ್ಯ ಹಿಡಿಯುತ್ತದೆ. ಆ ದೃಶ್ಯದ ವಸ್ತುಗಳ ಹೊರಗೆರೆಗಳನ್ನು ಮಾತ್ರ ತೆಗೆದು, ಚಿಕ್ಕದು ಮಾಡಿ, ಆರಪಾರ ಕಾಣುವ ಪುಟ್ಟ ಪರದೆಯ ಮೇಲೆ ಮೂಡಿಸಲಾಗುತ್ತದೆ. ರೋಗಿಗೆ ಎದುರಿನ ನಿಜವಾದ ಜಗತ್ತು ಇದ್ದಂತೆಯೇ ಕಾಣುತ್ತದೆ, ಅದರ ಮೇಲೆ ತೆಳುವಾದ ಗೆರೆಗಳಲ್ಲಿ ಅಕ್ಕಪಕ್ಕದ ಜಗತ್ತಿನ ನಕ್ಷೆ ತೇಲುತ್ತದೆ. ಎಡಗಡೆಯಿಂದ ಸೈಕಲ್ಲಿನ ಗೆರೆ ಸರಿದು ಬಂದರೆ ಅತ್ತ ತಿರುಗಿ ನೇರವಾಗಿ ನೋಡಿದರಾಯಿತು. ಆರೋಗ್ಯವಂತ ಕಣ್ಣಿನ ಅಂಚು ಮಾಡುವ ಕೆಲಸವೂ ಇಷ್ಟೇ ತಾನೇ? ಅದು ವಿವರ ಓದುವುದಿಲ್ಲ, 'ಇತ್ತ ನೋಡು' ಎಂದು ಎಚ್ಚರಿಸುತ್ತದೆ. ಹರವೂ ಬೇಕು, ಸ್ಪಷ್ಟತೆಯೂ ಬೇಕು ಎಂಬ ತಿಕ್ಕಾಟಕ್ಕೆ ನಾನು ಕಂಡ ಉತ್ತರಗಳಲ್ಲಿ ಇದು ಅತ್ಯುತ್ತಮ.

ವಿದ್ಯುತ್ತೇ ಬೇಡದ ಸಾಧನವನ್ನೂ ಪೆಲಿ ಮಾಡಿದ್ದಾರೆ. ಪಾರ್ಶ್ವವಾಯುವಿನ ನಂತರ ಕೆಲವರಿಗೆ ಎರಡೂ ಕಣ್ಣುಗಳಲ್ಲಿ ಒಂದೇ ಬದಿಯ ಅರ್ಧ ನೋಟ ಹೋಗಿಬಿಡುತ್ತದೆ. ಅನ್ನದ ತಟ್ಟೆಯಲ್ಲಿ ಒಂದು ಬದಿಯ ಪಲ್ಯ ಹಾಗೇ ಉಳಿಯುತ್ತದೆ, ಬಾಗಿಲಿನ ಚೌಕಟ್ಟಿಗೆ ಒಂದೇ ಭುಜ ತಾಗುತ್ತದೆ. ಅಂಥವರ ಕನ್ನಡಕದ ಒಂದು ಗಾಜಿನ ಮೇಲ್ಭಾಗ ಮತ್ತು ಕೆಳಭಾಗಕ್ಕೆ ಪ್ರಿಸಂ ಪಟ್ಟಿ ಅಂಟಿಸಿದರೆ ಕಾಣದ ಬದಿಯ ಸುಮಾರು 20 ಡಿಗ್ರಿಯಷ್ಟು ದೃಶ್ಯ ಕಾಣುವ ಬದಿಗೆ ಬಾಗಿ ಬರುತ್ತದೆ.

ವಿಆರ್ ಹೆಡ್‌ಸೆಟ್ ನಮ್ಮ ಊರುಗಳಿಗೆ ಬೇಗ ಉಪಯೋಗಕ್ಕೆ ಬರುವುದು ಬಹುಶಃ ಇನ್ನೊಂದು ರೀತಿಯಲ್ಲಿ, ಹರವನ್ನು ಅಳೆಯುವ ಸಾಧನವಾಗಿ. ಕಣ್ಣಿನ ಆಸ್ಪತ್ರೆಯಲ್ಲಿ ಇದಕ್ಕೆ ಪೆರಿಮೆಟ್ರಿ ಎನ್ನುತ್ತಾರೆ. ಹಂಫ್ರಿ ಎಂಬ ದೊಡ್ಡ ಬಟ್ಟಲಿನಂಥ ಯಂತ್ರಕ್ಕೆ ಗಲ್ಲ ಒತ್ತಿ ಕುಳಿತು, ಅಲ್ಲಲ್ಲಿ ಮಿನುಗುವ ಬೆಳಕು ಕಂಡಾಗ ಗುಂಡಿ ಒತ್ತಬೇಕು. ಕತ್ತಲ ಕೋಣೆ ಬೇಕು, ಯಂತ್ರ ದುಬಾರಿ, ಬೆನ್ನು ಬಾಗಿದ ಹಿರಿಯರಿಗೆ ಕುಳಿತುಕೊಳ್ಳುವುದೇ ಕಷ್ಟ. ಹೆಡ್‌ಸೆಟ್ ತಾನೇ ಕತ್ತಲ ಕೋಣೆ. ಕುರ್ಚಿಯಲ್ಲಿ ಒರಗಿ ಕುಳಿತು ಅದೇ ಪರೀಕ್ಷೆ ಮಾಡಿಸಿಕೊಳ್ಳಬಹುದು, ಚೀಲದಲ್ಲಿ ಹಾಕಿಕೊಂಡು ಹಳ್ಳಿಯ ಶಿಬಿರಕ್ಕೆ ಒಯ್ಯಬಹುದು. ಚೆನ್ನೈನಲ್ಲಿ ತಯಾರಾದ ಇಂಥ ಒಂದು ಉಪಕರಣವನ್ನು ಹಂಫ್ರಿ ಯಂತ್ರದೊಂದಿಗೆ ಹೋಲಿಸಿ ಪರೀಕ್ಷಿಸಿಯೂ ಆಗಿದೆ. ನಮ್ಮಂಥ ಸಂಘಗಳು ಪ್ರತಿವರ್ಷ ಕಣ್ಣಿನ ಶಿಬಿರ ನಡೆಸುತ್ತವೆ. ಕನ್ನಡಕ ಕೊಡುತ್ತೇವೆ, ಪೊರೆ ಶಸ್ತ್ರಚಿಕಿತ್ಸೆಗೆ ಕಳಿಸುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಹರವನ್ನು ಅಳೆಯುವವರನ್ನು ಕರೆಸುವ ಬಗ್ಗೆಯೂ ಪದಾಧಿಕಾರಿಗಳು ಯೋಚಿಸಬೇಕು.

ಏಕೆಂದರೆ ಶಾಲೆಯಲ್ಲಿ ನಾವು ಮಾಡುವ ಕಣ್ಣಿನ ತಪಾಸಣೆ ಎಂದರೆ ಗೋಡೆಯ ಮೇಲಿನ ಅಕ್ಷರದ ಚಾರ್ಟು. ಅದು ನಡುವಿನ 2 ಡಿಗ್ರಿಯ ಪರೀಕ್ಷೆ ಮಾತ್ರ. ಕೊಳವೆಯಷ್ಟು ನೋಟ ಉಳಿದ ಹುಡುಗನೂ ಕೊನೆಯ ಸಾಲನ್ನು ಓದಿಬಿಡಬಲ್ಲ. '6/6, ಸರಿ ಇದೆ' ಎಂದು ಬರೆದು ಕಳಿಸುತ್ತೇವೆ. ಅದೇ ಹುಡುಗ ಆಟದಲ್ಲಿ ಚೆಂಡು ಬಿಡುತ್ತಾನೆ, ಪಕ್ಕದಲ್ಲಿ ಇಟ್ಟ ನೀರಿನ ಲೋಟ ಉರುಳಿಸುತ್ತಾನೆ, ಎದುರು ಬಂದವರಿಗೆ ಡಿಕ್ಕಿ ಹೊಡೆಯುತ್ತಾನೆ. 'ಕಣ್ಣು ಕಾಣುವುದಿಲ್ಲವೇನೋ' ಎಂದು ಗದರುತ್ತೇವೆ. ನಿಜವಾಗಿಯೂ ಕಾಣುವುದಿಲ್ಲ.

ನಮ್ಮ ದೇಶದ ಕಾನೂನು ಇದನ್ನು ಒಪ್ಪಿಕೊಂಡಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪ್ರಕಾರ ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದು ಅಂಧತ್ವ. 40ಕ್ಕಿಂತ ಕಡಿಮೆಯಿಂದ 10 ಡಿಗ್ರಿಯವರೆಗೆ ಇದ್ದರೆ ಮಂದದೃಷ್ಟಿ. ಚಾರ್ಟು ಎಷ್ಟೇ ಚೆನ್ನಾಗಿ ಓದಲಿ. ಅಂಗವಿಕಲತೆ ಶೇ 40ರಷ್ಟು ಅಥವಾ ಹೆಚ್ಚು ಎಂದು ಪ್ರಮಾಣಪತ್ರ ದೊರೆತರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗಾಗಿ ಮೀಸಲಾದ ಕನಿಷ್ಠ ಶೇ 5ರಷ್ಟು ಸೀಟುಗಳಿಗೆ ಅರ್ಜಿ ಹಾಕಬಹುದು. ಸರ್ಕಾರಿ ಉದ್ಯೋಗದಲ್ಲಿ ಅಂಧತ್ವ ಮತ್ತು ಮಂದದೃಷ್ಟಿ ಉಳ್ಳವರಿಗೆ ಶೇ 1ರಷ್ಟು ಮೀಸಲಾತಿ ಇದೆ. ಮಗನಿಗೆ ಅಂಗವಿಕಲ ಎಂಬ ಹೆಸರು ಬೇಡ ಎಂದು ಹಿಂಜರಿಯುವ ಪೋಷಕರ ಮನಸ್ಸು ಅರ್ಥವಾಗುತ್ತದೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚು. ಆದರೆ ಆ ಹಿಂಜರಿಕೆಯಲ್ಲಿ ಕಳೆಯುವುದು ಮಗುವಿನ ಓದಿನ ವರ್ಷಗಳು.

ಅನುಮಾನ ಬಂದರೆ ಮನೆಯಲ್ಲೇ, ತರಗತಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಮಗುವಿನ ಎದುರು ಒಂದು ಮೀಟರ್ ಅಂತರದಲ್ಲಿ ಅದೇ ಎತ್ತರಕ್ಕೆ ಕುಳಿತುಕೊಳ್ಳಿ. ಮಗು ಬಲಗಣ್ಣು ಮುಚ್ಚಲಿ, ನೀವು ಎಡಗಣ್ಣು ಮುಚ್ಚಿ. ಒಬ್ಬರನ್ನೊಬ್ಬರು ತೆರೆದ ಕಣ್ಣಿನಲ್ಲೇ ನೋಡುತ್ತಿರಬೇಕು. ಈಗ ನಿಮ್ಮ ಕೈಯನ್ನು ಇಬ್ಬರಿಗೂ ಸಮದೂರದಲ್ಲಿ, ಪಕ್ಕಕ್ಕೆ ದೂರ ಚಾಚಿ, ಬೆರಳು ಆಡಿಸುತ್ತಾ ಮೆಲ್ಲನೆ ಒಳಕ್ಕೆ ತನ್ನಿ. ಕಂಡ ಕೂಡಲೇ ಮಗು ಹೇಳಲಿ. ನಾಲ್ಕು ದಿಕ್ಕುಗಳಿಂದಲೂ ಮಾಡಿ, ನಂತರ ಇನ್ನೊಂದು ಕಣ್ಣು. ನಿಮಗೆ ಬಹಳ ಮೊದಲೇ ಕಂಡ ಬೆರಳು ಮಗುವಿಗೆ ಮೂಗಿನ ಹತ್ತಿರ ಬಂದಾಗ ಮಾತ್ರ ಕಂಡರೆ ತಡ ಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಪೆರಿಮೆಟ್ರಿ ಮಾಡಿಸಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಈ ಬೆರಳಿನ ಪರೀಕ್ಷೆಯಲ್ಲಿ ದೊಡ್ಡ ನಷ್ಟ ಮಾತ್ರ ಸಿಕ್ಕಿಬೀಳುತ್ತದೆ, ಸಣ್ಣದು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಬೆರಳು ಸರಿಯಾಗಿ ಕಂಡಿತೆಂದು, ಮನೆತನದಲ್ಲಿ ಗ್ಲಾಕೋಮಾ ಇರುವವರು ವರ್ಷದ ತಪಾಸಣೆಯನ್ನು ಬಿಡಬೇಡಿ.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು. ಹಿಂದಿನ ಸಾಲಿನಿಂದಲೇ ಆರಂಭಿಸೋಣ.